ಸಖೀರ್‌ನ ಮರಳು, ಸಖೀರ್‌ನ ಟ್ರ್ಯಾಕ್

ಕೇಳುಗರೇ, ನಮಸ್ಕಾರ.

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಬಹ್ರೇನ್ ಅಂದರೆ ಅಣ್ಣನೋ ಮಾವನೋ ದುಡಿಯಲು ಹೋದ ಊರು. ಆ ಪುಟ್ಟ ದ್ವೀಪದಲ್ಲಿ, ರಾಜಧಾನಿ ಮನಾಮಾದಿಂದ ಸುಮಾರು 30 ಕಿಲೋಮೀಟರ್ ಆಚೆ, ಸಖೀರ್ ಎಂಬ ಮರಳುಗಾಡಿದೆ. ಅಲ್ಲಿರುವ ಕಾರ್ ರೇಸ್ ಟ್ರ್ಯಾಕಿನ ಕಥೆ ಇವತ್ತು ಹೇಳುತ್ತೇನೆ. ನನಗಂತೂ ಇದು ಕಾರುಗಳ ಕಥೆಗಿಂತ ಜಾಸ್ತಿ, ಮರಳಿನ ಜೊತೆ ಮನುಷ್ಯರು ಏಗಿದ ಕಥೆ.

ಮರಳು ಅಂದರೆ ನಮ್ಮ ಹೊಳೆದಂಡೆಯ ದಪ್ಪ ಮರಳಲ್ಲ. ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಗಾಳಿ ಬೀಸಿದರೆ ಸಾಕು, ರಸ್ತೆ ಮೇಲೆ ತೆಳ್ಳಗೆ ಹರಡಿಕೊಂಡುಬಿಡುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದ ಕಾರಿನ ಚಕ್ರ ಅದರ ಮೇಲೆ ಹೋದರೆ ಹಿಡಿತವೇ ಸಿಗುವುದಿಲ್ಲ. ಎಂಜಿನ್ನಿನೊಳಗೆ ಸೇರಿದರೆ ಎಂಜಿನ್ನಿಗೇ ಕುತ್ತು. ಹಾಗಿದ್ದೂ ಇಲ್ಲಿಗೆ ಫಾರ್ಮುಲಾ ಒನ್, ಅಂದರೆ ಕಾರ್ ರೇಸುಗಳಲ್ಲೇ ಅತಿ ದೊಡ್ಡ ಪಂದ್ಯ, ತರಲೇಬೇಕು ಅಂತ ಹಟ ಹಿಡಿದವರು ಬಹ್ರೇನಿನ ಯುವರಾಜ ಸಲ್ಮಾನ್ ಬಿನ್ ಹಮದ್ ಅಲ್ ಖಲೀಫಾ. ನಕ್ಷೆ ಮಾಡಿಕೊಟ್ಟವರು ಜರ್ಮನಿಯ ಹರ್ಮನ್ ಟಿಲ್ಕೆ.

2002ರ ಕೊನೆಗೆ ಕೆಲಸ ಶುರುವಾಯಿತು. ಡಾಂಬರಿಗೆ ಬೆರೆಸುವ ಜಲ್ಲಿ ಅಲ್ಲಿನದಲ್ಲ. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಬೇಸ್ಟನ್ ಹಿಲ್ ಎಂಬ ಕ್ವಾರಿಯಿಂದ ಹಡಗಿನಲ್ಲಿ ತರಿಸಿದರು. ಅದು ಸವೆದರೂ ಬೇಗ ನುಣುಪಾಗದ ಕಲ್ಲು. ಟೈರಿಗೆ ಬೇಕಾದ್ದು ಆ ಒರಟುತನವೇ. ಇನ್ನು ಸುತ್ತಲಿನ ಮರಳು? ಅದು ಏಳದ ಹಾಗೆ ಮೇಲೆ ಅಂಟು ಸಿಂಪಡಿಸಿದರು. ನಮ್ಮಲ್ಲಿ ಅಂಗಳದ ಧೂಳು ಏಳದಿರಲಿ ಅಂತ ಸಗಣಿನೀರು ಹಾಕುತ್ತಾರೆ ಅಲ್ವಾ, ಅದೇ ಉಪಾಯ. ಪಿಟ್, ಅಂದರೆ ರೇಸಿನ ನಡುವೆ ಕಾರುಗಳ ಟೈರ್ ಬದಲಿಸುವ ಜಾಗ, ಇರುವ ಕಡೆ ಹುಲ್ಲು ಬೆಳೆಸಿ ಓಯಸಿಸ್ ಥರ ಮಾಡಿದರು. ಆಚೆಯ ಭಾಗವನ್ನು ಮರುಭೂಮಿಯಾಗಿಯೇ ಬಿಟ್ಟರು. ಆ ನಿರ್ಧಾರ ನನಗೆ ತುಂಬಾ ಇಷ್ಟ. ಊರಿನ ಮುಖವನ್ನು ಅವರು ಮುಚ್ಚಿಡಲಿಲ್ಲ.

ಕೆಲಸ ಸಮಯಕ್ಕೆ ಮುಗಿಯುತ್ತದೋ ಇಲ್ಲವೋ ಎಂಬ ದಿಗಿಲೂ ಇತ್ತು. ಕೊನೆಗೆ 2004ರ ಏಪ್ರಿಲ್ 4ರಂದು ಮೊದಲ ರೇಸ್ ನಡೆದೇ ನಡೆಯಿತು. ಮಧ್ಯಪ್ರಾಚ್ಯದಲ್ಲೇ ಅದು ಮೊದಲ ಫಾರ್ಮುಲಾ ಒನ್ ರೇಸ್. ಸುಮಾರು 5.4 ಕಿಲೋಮೀಟರಿನ ಟ್ರ್ಯಾಕನ್ನು 57 ಸುತ್ತು ಹಾಕಿ ಗೆದ್ದವರು ಫೆರಾರಿಯ ಮೈಕೆಲ್ ಶುಮಾಕರ್. ಬೇರೆ ಕಡೆ ಗೆದ್ದವರು ಶಾಂಪೇನ್ ಚಿಮ್ಮಿಸುತ್ತಾರೆ. ಇಲ್ಲಿ ಮದ್ಯ ಇಲ್ಲ. ದಾಳಿಂಬೆ ಮತ್ತು ನಿಂಬೆ ಜಾತಿಯ ಒಂದು ಹಣ್ಣಿನ ರಸಕ್ಕೆ ಪನ್ನೀರು ಬೆರೆಸಿದ ಪಾನೀಯ ಚಿಮ್ಮುತ್ತದೆ. ಮದುವೆಮನೆಯಲ್ಲಿ ಪನ್ನೀರು ಚಿಮುಕಿಸಿಕೊಂಡು ಬೆಳೆದ ನಮಗೆ ಅದನ್ನು ನೋಡಿದರೆ ಏನೋ ಪರಿಚಯದ ಖುಷಿ.

ಭಾರತಕ್ಕೂ ಈ ಟ್ರ್ಯಾಕಿನಲ್ಲಿ ಪಾಲಿದೆ. 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಇಲ್ಲಿ ಓಡಿಸಿದರು. 2010ರಲ್ಲಿ ಚೆನ್ನೈನ ಕರುಣ್ ಚಂದೋಕ್ ತಮ್ಮ ಮೊದಲ ಫಾರ್ಮುಲಾ ಒನ್ ರೇಸಿಗೆ ಇಳಿದದ್ದೂ ಇಲ್ಲೇ. ನಮ್ಮ ಬೆಂಗಳೂರಿನ ಅಣ್ಣತಮ್ಮಂದಿರು, ಅರ್ಜುನ್ ಮೈನಿ ಮತ್ತು ಕುಶ್ ಮೈನಿ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂನಲ್ಲಿ ಇದೇ ರಸ್ತೆಯ ಮೇಲೆ ಓಡಿಸಿದ್ದಾರೆ.

ಎಲ್ಲ ವರ್ಷವೂ ಸಂಭ್ರಮದ್ದಲ್ಲ. 2011ರಲ್ಲಿ ಬಹ್ರೇನಿನ ಜನ ಆಡಳಿತದ ವಿರುದ್ಧ ಬೀದಿಗಿಳಿದರು. ಪ್ರತಿಭಟನೆಗಳಲ್ಲಿ ಪ್ರಾಣ ಹೋಯಿತು. ಆ ವರ್ಷ ರೇಸ್ ರದ್ದಾಯಿತು. 2012ರಲ್ಲಿ ಪ್ರತಿಭಟನೆ ನಡೆಯುತ್ತಿರುವಾಗಲೇ ರೇಸ್ ಮಾಡಿದರು. ಊರಿಗೆ ಊರೇ ನೋವಿನಲ್ಲಿದ್ದಾಗ ಕಾರು ಓಡಿಸಬೇಕಿತ್ತಾ ಅನ್ನುವ ಪ್ರಶ್ನೆ ಆಗ ಜಗತ್ತಿನಾದ್ಯಂತ ಎದ್ದಿತ್ತು. ಬೇಡವಾಗಿತ್ತು ಅಂತಲೇ ನನ್ನ ಅನಿಸಿಕೆ.

2014ಕ್ಕೆ ಟ್ರ್ಯಾಕಿಗೆ ಹತ್ತು ವರ್ಷ. ಆ ವರ್ಷದಿಂದ ರೇಸ್ ರಾತ್ರಿಗೆ ಬಂತು. ಸುತ್ತಲೂ ಕತ್ತಲು, ನಡುವೆ ಹಗಲಿನಂಥ ಬೆಳಕು. ಹಿಂದಿನ ಡಿಸೆಂಬರಿನಲ್ಲಿ ಶುಮಾಕರ್ ಹಿಮದಲ್ಲಿ ಸ್ಕೀ ಮಾಡುವಾಗ ಬಿದ್ದು ತಲೆಗೆ ತೀವ್ರ ಪೆಟ್ಟಾಗಿತ್ತು. ಮೊದಲ ರೇಸನ್ನು ಅವರೇ ಗೆದ್ದಿದ್ದ ಈ ಟ್ರ್ಯಾಕಿನ ಮೊದಲ ತಿರುವಿಗೆ ಅವರ ಹೆಸರನ್ನೇ ಇಟ್ಟರು.

ಸಖೀರ್ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಮಾತ್ರ 2020ರ ನವೆಂಬರ್ 29. ಮೊದಲ ಸುತ್ತಿನಲ್ಲೇ, ಮೂರನೇ ತಿರುವು ದಾಟಿದ ಮೇಲೆ, ಫ್ರಾನ್ಸಿನ ರೊಮೇನ್ ಗ್ರೋಜಾನ್ ಅವರ ಕಾರು ಬಲಕ್ಕೆ ಎಳೆದುಕೊಂಡು ಹೋಗಿ ಕಬ್ಬಿಣದ ತಡೆಬೇಲಿಗೆ ಬಡಿಯಿತು. ಕಾರು ಎರಡು ತುಂಡು. ಮುಂದಿನ ತುಂಡು ಬೇಲಿಯನ್ನು ಸೀಳಿ ಒಳಗೆ ನುಗ್ಗಿತು. ಭಗ್ಗನೆ ಬೆಂಕಿ. ಮೊದಲ ಸುತ್ತಿನಲ್ಲಿ ಕಾರುಗಳ ಹಿಂದೆಯೇ ಬರುವ ವೈದ್ಯಕೀಯ ಕಾರಿನಿಂದ ಡಾಕ್ಟರ್ ಇಯಾನ್ ರಾಬರ್ಟ್ಸ್ ಇಳಿದು ಓಡಿದರು. ಒಬ್ಬ ಮಾರ್ಷಲ್, ಅಂದರೆ ಟ್ರ್ಯಾಕಿನ ಪಕ್ಕ ಸುರಕ್ಷತೆಗೆ ನಿಂತಿರುವ ಕಾರ್ಯಕರ್ತ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ರಸ್ತೆ ದಾಟಿ ಬಂದರು. ಸುಮಾರು 28 ಸೆಕೆಂಡು. ಒಂದು, ಎರಡು ಅಂತ ನೀವೇ ಎಣಿಸಿ ನೋಡಿ, ಅದು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಆಮೇಲೆ ಜ್ವಾಲೆಯ ನಡುವಿನಿಂದ ಗ್ರೋಜಾನ್ ಬೇಲಿ ಹತ್ತಿ ಹೊರಗೆ ಬಂದರು. ಕೈ ಸುಟ್ಟಿತ್ತು. ಒಂದು ಕಾಲಿನ ಶೂ ಒಳಗೇ ಉಳಿದಿತ್ತು.

ತಲೆ ಕಾಪಾಡಿದ್ದು ಹೇಲೋ. ಅಂದರೆ ಡ್ರೈವರಿನ ತಲೆಯ ಸುತ್ತ ಕಮಾನಿನ ಹಾಗೆ ಬರುವ ಟೈಟಾನಿಯಂ ಪಟ್ಟಿ. 2018ರಲ್ಲಿ ಅದನ್ನು ಕಡ್ಡಾಯ ಮಾಡುವ ಮೊದಲು ಬೇಡ ಅಂದವರಲ್ಲಿ ಗ್ರೋಜಾನ್ ಕೂಡ ಒಬ್ಬರು. ಅದಿಲ್ಲದಿದ್ದರೆ ತಾನು ಇವತ್ತು ಮಾತಾಡುತ್ತಿರಲಿಲ್ಲ ಅಂತ ಆಸ್ಪತ್ರೆಯ ಹಾಸಿಗೆಯಿಂದಲೇ ಒಪ್ಪಿಕೊಂಡರು.

ನಾಲ್ಕೇ ದಿನಕ್ಕೆ, ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಅವರು ಮತ್ತೆ ಸಖೀರ್‌ಗೆ ಬಂದರು. ರೇಸ್ ಓಡಿಸಲು ಅಲ್ಲ. ತಮ್ಮನ್ನು ಉಳಿಸಿದ ಡಾಕ್ಟರನ್ನು, ಮಾರ್ಷಲ್‌ಗಳನ್ನು ಕಂಡು ಥ್ಯಾಂಕ್ಸ್ ಹೇಳಲು.

ನಮಸ್ಕಾರ.