ನಾಲ್ಕಡಿ ಜಾಗ: ಹುಲ್ಲೋ, ಹೊಂಗೆಯೋ?

ಕೇಳುಗರೇ, ನಮಸ್ಕಾರ.

ದಾವಣಗೆರೆಯಲ್ಲಿರುವ ನನ್ನ ತಂಗಿ ಹೊಸ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶದ ದಿನ ನಾನು ಊಟ ಮುಗಿಸಿ ಕೈ ತೊಳೆದಿದ್ದೆನಷ್ಟೆ, ಗೇಟಿನ ಬಳಿಗೆ ಕರೆದುಕೊಂಡು ಹೋದಳು. ಮನೆಯ ಪಡುವಣ ಗೋಡೆಗೂ ಕಾಂಪೌಂಡಿಗೂ ನಡುವೆ ನಾಲ್ಕಡಿ ಅಗಲದ ಜಾಗ ಉಳಿದಿತ್ತು. ‘ಅಣ್ಣ, ಮಕ್ಕಳು ಇಲ್ಲಿ ನೇರಳೆ ಬಣ್ಣದ ಹುಲ್ಲು ಹಾಕಿಸೋಣ ಎನ್ನುತ್ತಾರೆ. ಇವರು ಹೊಂಗೆ ನೆಡಬೇಕು ಎನ್ನುತ್ತಾರೆ. ನೀನು ಹೇಳಿದ ಹಾಗೆ ಮಾಡುತ್ತೇವೆ’ ಎಂದಳು. ಚಿತ್ರದುರ್ಗದ ನಮ್ಮ ಹಿತ್ತಲಲ್ಲಿ ನಾನು ಎರಡನ್ನೂ ಬೆಳೆಸಿದ್ದೇನೆ, ಎರಡರಿಂದಲೂ ಪೆಟ್ಟು ತಿಂದಿದ್ದೇನೆ. ಹಾಗಾಗಿ ನಿಂತ ನಿಲುವಿನಲ್ಲಿ ಉತ್ತರ ಕೊಡಲಾಗಲಿಲ್ಲ. ಈ ಹೊತ್ತಿನ ನನ್ನ ಮಾತು ಅವಳಿಗೆ ಕೊಡಬೇಕಾಗಿದ್ದ ಉತ್ತರವೇ.

ಮೊದಲು ಹುಲ್ಲಿನ ವಿಷಯ. ನರ್ಸರಿಗಳಲ್ಲಿ ಇದಕ್ಕೆ ಫೌಂಟನ್ ಗ್ರಾಸ್ ಎನ್ನುತ್ತಾರೆ. ಕಾರಂಜಿ ಚಿಮ್ಮಿದ ಹಾಗೆ ಎಲೆಗಳು ಒಂದೇ ಬುಡದಿಂದ ಎದ್ದು ಸುತ್ತಲೂ ಬಾಗುತ್ತವೆ. ಅವುಗಳ ಮೇಲೆ ಅಳಿಲಿನ ಬಾಲದಂಥ ಮೃದುವಾದ ತೆನೆಗಳು. ಆಷಾಢದ ಗಾಳಿಗೆ ಅವು ತೂಗುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನನಗೂ ಆಗಿತ್ತು. ನಾನು ಹಣ ಕೊಟ್ಟು ತಂದ ಆ ಗಿಡವನ್ನು ನಮ್ಮ ತಾಯಿ ಒಂದು ಸುತ್ತು ಬಂದು ನೋಡಿ, ‘ಸಜ್ಜೆಯನ್ನು ಕುಂಡದಲ್ಲಿ ಯಾಕೆ ಬೆಳೆಯುತ್ತಿದ್ದೀಯೋ?’ ಎಂದು ಕೇಳಿದರು. ಆಗ ನಕ್ಕುಬಿಟ್ಟೆ. ಆಮೇಲೆ ತಿಳಿಯಿತು, ಅವರು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಸಸ್ಯಶಾಸ್ತ್ರದ ಪ್ರಕಾರ ಫೌಂಟನ್ ಗ್ರಾಸ್ ನಮ್ಮ ಸಜ್ಜೆಯ ದಾಯಾದಿ, ಎರಡೂ ಒಂದೇ ಕುಲದವು. 2003ರಲ್ಲಿ ಅಮೆರಿಕದವರು ನೇರಳೆ ಎಲೆಯ ಒಂದು ಸಜ್ಜೆ ತಳಿಗೆ ಹೂದೋಟದ ಗಿಡವೆಂದೇ ಚಿನ್ನದ ಪದಕ ಕೊಟ್ಟರು. ನಮ್ಮ ಬಯಲುಸೀಮೆಯವರು ರೊಟ್ಟಿ ತಟ್ಟಿ ತಿನ್ನುವುದನ್ನು ಅವರು ಗೇಟಿನ ಪಕ್ಕ ನೆಟ್ಟು ನೋಡುತ್ತಾರೆ, ಅಷ್ಟೇ ವ್ಯತ್ಯಾಸ. ಮೆಕ್ಕೆಜೋಳದ ಸೂಲಂಗಿಯನ್ನು ಎಕರೆಗಟ್ಟಲೆ ಕಾಣುವ ದಾವಣಗೆರೆಯವರಿಗೆ ಹುಲ್ಲಿನ ಚೆಲುವು ಹೊಸದೇನೂ ಅಲ್ಲ. ದುಡ್ಡು ಕೊಟ್ಟು ತಂದಾಗ ಕಣ್ಣಿಗೆ ಬೀಳುತ್ತದೆ.

ಈ ಹುಲ್ಲಿನ ಮೂಲ ಉತ್ತರ ಆಫ್ರಿಕಾ ಮತ್ತು ಅದರ ಆಸುಪಾಸಿನ ಒಣ ನೆಲ. ಆದ್ದರಿಂದ ನಮ್ಮ ಬಿಸಿಲಿಗೆ ಅದು ಹೆದರುವುದಿಲ್ಲ. ನೆಟ್ಟ ಮೂರೇ ತಿಂಗಳಿಗೆ ತೆಂಡೆಯೊಡೆದು ತೆನೆ ಬಿಡುತ್ತದೆ. ನಾನೂ ಕುಂಡದಿಂದ ಕಿತ್ತು ಕಾಂಪೌಂಡಿನ ಉದ್ದಕ್ಕೆ ಸಾಲಾಗಿ ನೆಟ್ಟೆ. ಮಳೆಗಾಲವೆಲ್ಲ ಚೆನ್ನಾಗಿತ್ತು. ದೀಪಾವಳಿಯ ಹೊತ್ತಿಗೆ ಬುಡದಲ್ಲಿ ಒಣಗಿದ ಗರಿಗಳು ಮೊಣಕಾಲೆತ್ತರ ಸೇರಿದ್ದವು. ಬಲಿಪಾಡ್ಯಮಿಯ ಸಂಜೆ ಎಲ್ಲಿಂದಲೋ ಹಾರಿ ಬಂದ ಒಂದು ಕಿಡಿ ಬಿದ್ದಿತು. ಕೊಡಪಾನ ತುಂಬಿ ತರುವುದರೊಳಗೆ ಸಾಲಿಗೆ ಸಾಲೇ ಉರಿದು ಕಾಂಪೌಂಡ್ ಕಪ್ಪಾಯಿತು. ಅಕ್ಕಪಕ್ಕದವರಿಗೆ ಮುಖ ತೋರಿಸಲು ನಾಚಿಕೆಯಾಯಿತು.

ಆದರೆ ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಆ ಬೂದಿಯೊಳಗಿಂದ ಹಸಿರು ಸೂಜಿಗಳು ಎದ್ದವು! ಹುಲ್ಲಿನ ಗುಟ್ಟು ಇದೇ. ಅದರ ಬೆಳೆಯುವ ಕಣ್ಣು ಇರುವುದು ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡು. ದನ ಮೇಯಲಿ, ಕುಡುಗೋಲು ಆಡಲಿ, ಬೆಂಕಿ ಬೀಳಲಿ, ಹೋಗುವುದು ಮೇಲಿನ ಗರಿ ಮಾತ್ರ. ಹವಾಯಿ ದ್ವೀಪಗಳಲ್ಲಿ ಇದೇ ಫೌಂಟನ್ ಗ್ರಾಸ್ ಹೂದೋಟದಿಂದ ತಪ್ಪಿಸಿಕೊಂಡು ಲಾವಾ ನೆಲದ ಮೇಲೆಲ್ಲ ಹಬ್ಬಿ ದೊಡ್ಡ ಕಳೆಯಾಗಿದೆ. ಬೆಂಕಿ ಬಿದ್ದಾಗ ಅಲ್ಲಿನ ಮೂಲ ಗಿಡಗಳು ಸಾಯುತ್ತವೆ, ಇದು ಮತ್ತೆ ಚಿಗುರುತ್ತದೆ. ಬೀಜ ಗಾಳಿಗೆ ಹಾರಿ ಹಬ್ಬುವುದು ಹಸಿರು ತಳಿಯದು. ನೇರಳೆ ತಳಿ ಬೀಜ ಕಟ್ಟುವುದು ತೀರಾ ಅಪರೂಪ. ನಾನು ತಂದದ್ದು ಹಸಿರು. ಮರುವರ್ಷ ಎದುರಿನ ಚರಂಡಿಯಲ್ಲಿ ಅದರ ಮರಿಗಳನ್ನು ಕಂಡ ದಿನವೇ ಗುದ್ದಲಿ ಹಿಡಿದೆ.

ಇನ್ನು ಹೊಂಗೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ಮಾತು ನಿಮಗೆಲ್ಲ ಬಾಯಿಪಾಠ, ಅದನ್ನು ಮತ್ತೆ ಹೇಳುವುದಿಲ್ಲ. ನನಗೆ ಅಚ್ಚರಿ ಅದರ ವೇಳಾಪಟ್ಟಿ. ಶಿವರಾತ್ರಿಯ ಸುಮಾರಿಗೆ ಎಲೆ ಉದುರಿಸುತ್ತದೆ. ಯುಗಾದಿಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಎಲೆ ಹೊದ್ದು ನಿಲ್ಲುತ್ತದೆ. ದುರ್ಗದ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೂ ಸೆಕೆ ಉಗುಳುವ ದಿನಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಕೊಡೆ ಬಿಚ್ಚಿರುತ್ತದೆ. ಇದು ದ್ವಿದಳ ಜಾತಿಯ ಮರ. ಬೇರುಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ, ಬೀಜ ಎಣ್ಣೆಗೆ, ಹಿಂಡಿ ಗೊಬ್ಬರಕ್ಕೆ. ಎಲೆಗಳ ಮೇಲೆ ಏಳುವ ಗಂಟುಗಳನ್ನು ನೋಡಿ ಗಾಬರಿಯಾಗಬೇಡಿ. ಅದು ಕಣ್ಣಿಗೆ ಕಾಣದ ನುಸಿಗಳ ಕೆಲಸ, ಮರಕ್ಕೆ ಅದರಿಂದ ಪ್ರಾಣಾಪಾಯವಿಲ್ಲ.

ಆದರೆ ಮರ ಕಾಯಿಸುತ್ತದೆ. ನಮ್ಮ ಗರಸು ನೆಲದಲ್ಲಿ ಮೂರಡಿ ಗುಂಡಿ ತೋಡಲು ಎರಡು ದಿನ ಹಾರೆ ಹಾಕಿದೆ. ಮೂರು ಬೇಸಿಗೆ ನೀರು ಹೊತ್ತೆ. ಕುಳಿತುಕೊಳ್ಳುವಷ್ಟು ನೆರಳು ಬಂದದ್ದು ಆರನೆಯ ವರ್ಷ. ಮರ ಹುಲ್ಲಿನಂತೆ ಬುಡದಿಂದ ಮೇಲಕ್ಕೆ ಬರುವುದಿಲ್ಲ. ಅದರ ಎತ್ತರ ಬೆಳೆಯುವುದು ತುದಿಯಲ್ಲಿ, ದಪ್ಪ ಬೆಳೆಯುವುದು ತೊಗಟೆಯ ಕೆಳಗೆ. ಗಿಡ ಎಳೆಯದಾಗಿದ್ದಾಗ ಬಟ್ಟೆ ಒಣಹಾಕಲು ಎದೆಯೆತ್ತರದಲ್ಲಿ ಒಂದು ಮೊಳೆ ಹೊಡೆದಿದ್ದೆ, ಬುದ್ಧಿಯಿಲ್ಲದ ಕೆಲಸ. ಅದು ಇಂದಿಗೂ ಅದೇ ಎತ್ತರದಲ್ಲಿದೆ, ತಲೆ ಮಾತ್ರ ತೊಗಟೆಯೊಳಗೆ ಮುಳುಗಿದೆ. ಹಾಗಾಗಿ ವಿದ್ಯುತ್ ತಂತಿಯ ಕೆಳಗೆ ಹೊಂಗೆ ನೆಟ್ಟವರು ವರ್ಷವರ್ಷವೂ ಅದರ ತಲೆ ಕಡಿಸುತ್ತ ಮರವನ್ನು ಹಾಳು ಮಾಡುತ್ತಾರೆ.

ಈಗ ತಂಗಿಯ ನಾಲ್ಕಡಿಗೆ ಬರೋಣ. ಅವಳ ಸೈಟು ಎರೆಮಣ್ಣಿನದು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ಮಣ್ಣಿನಲ್ಲಿ ಗೋಡೆಗೆ ಒತ್ತಿ ದೊಡ್ಡ ಮರ ನೆಟ್ಟರೆ ಬೇರುಗಳು ತಳಪಾಯದ ಒಂದು ಬದಿಯ ತೇವವನ್ನಷ್ಟೇ ಹೀರುತ್ತವೆ. ಆ ಬದಿಯ ಮಣ್ಣು ಕುಗ್ಗಿ ಗೋಡೆ ಬಿರುಕು ಬಿಡಬಹುದು. ನಮ್ಮ ಕೆಂಪು ಗರಸಿನಲ್ಲಿ ಈ ಭಯ ಅಷ್ಟಿಲ್ಲ. ದುರ್ಗದಲ್ಲಿ ನಡೆದದ್ದು ದಾವಣಗೆರೆಯಲ್ಲೂ ನಡೆಯುತ್ತದೆ ಎಂದು ಹೇಳಲಾಗದು. ನಡುವೆ ಒಂದೂವರೆ ಗಂಟೆಯ ಬಸ್ ಪ್ರಯಾಣವಿದ್ದರೂ ನೆಲವೇ ಬೇರೆ.

ಹಾಗಾದರೆ ಪಡುವಣ ಗೋಡೆ ಸುಡುತ್ತಲೇ ಇರಬೇಕೆ? ಇಲ್ಲ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ಮರ ಗೋಡೆಗೆ ಅಂಟಿಕೊಂಡಿರಬೇಕಾಗಿಲ್ಲ, ಹದಿನೈದು ಅಡಿ ಆಚೆ ನಿಂತರೂ ನೆರಳು ಉದ್ದವಾಗಿ ತಾನೇ ಗೋಡೆಯ ತನಕ ನಡೆದುಬರುತ್ತದೆ. ತಂಗಿಯ ಮನೆಯ ಮುಂದೆ ರಸ್ತೆಯಂಚಿನಲ್ಲಿ ಅಷ್ಟು ದೂರಕ್ಕೆ ಜಾಗವಿದೆ, ಆ ಬದಿ ತಂತಿಯೂ ಇಲ್ಲ. ಹೊಂಗೆ ಅಲ್ಲಿಗೆ ಹೋಗಲಿ. ‘ನಮ್ಮ ಮರದ ನೆರಳಿನಲ್ಲಿ ಊರವರ ಸ್ಕೂಟರ್ ನಿಲ್ಲುತ್ತವಲ್ಲ?’ ಎಂದು ಅವಳ ಯಜಮಾನರು ಗೊಣಗಿದರು. ನಿಲ್ಲಲಿ ಬಿಡಿ, ಬೇಸಿಗೆಯಲ್ಲಿ ಗಿಡಕ್ಕೆ ಒಂದು ಕೊಡ ನೀರು ಕೇಳುವುದಕ್ಕೆ ನಿಮಗೊಂದು ನೆವ ಸಿಗುತ್ತದೆ ಎಂದೆ.

ಆ ನಾಲ್ಕಡಿಗೆ ಹುಲ್ಲೇ ಸರಿ, ಆದರೆ ನನ್ನ ಆಯ್ಕೆ ಲಾವಂಚ. ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುತ್ತೇವಲ್ಲ, ಅದೇ. ಆಳೆತ್ತರ ಬೆಳೆದು ನಸುನೇರಳೆ ಸೂಲಂಗಿ ಬಿಡುತ್ತದೆ. ಬೇರು ಅಗಲಕ್ಕೆ ಹರಡದೆ ನೇರವಾಗಿ ಕೆಳಗೆ ಇಳಿಯುತ್ತದೆ, ಮೂರು ಮೀಟರ್ ವರೆಗೂ ಹೋಗಬಲ್ಲದು. ಬೇರು ದಾರದಷ್ಟೇ ಸಣ್ಣ, ಕಾಂಪೌಂಡನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ನಾವು ಬೆಳೆಸುವ ತಳಿ ಬೀಜದಿಂದ ಹಬ್ಬುವುದಿಲ್ಲ, ತೆಂಡೆ ಕಿತ್ತು ನೆಟ್ಟರೆ ಮಾತ್ರ ಹೊಸ ಗಿಡ. ಗುಂಡ್ಲುಪೇಟೆ ಸೀಮೆಯ ರೈತರು ಇದನ್ನು ಹೊಲದ ಬದುವಿಗೆ ಗಡಿಯಾಗಿ ಎಷ್ಟೋ ಕಾಲದಿಂದ ನೆಡುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಅದನ್ನೇ ಹೊರನಾಡುಗಳಲ್ಲಿ ಪ್ರಚಾರ ಮಾಡಿದರು. ಬೇಸಿಗೆಯ ಕೊನೆಗೆ ಒಂದು ಸಲ ಮೊಳದೆತ್ತರಕ್ಕೆ ಕೊಯ್ದರೆ ವರ್ಷದ ಆರೈಕೆ ಮುಗಿಯಿತು.

ಮಾತಿನ ನಡುವೆ ಒಂದು ಸಣ್ಣ ಜಗಳ. ಮರ ನೆಡುವುದೇ ಪುಣ್ಯ, ಹುಲ್ಲು ಬರೀ ಅಲಂಕಾರ ಎನ್ನುವವರನ್ನು ಒಮ್ಮೆ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಕಡೆಗೆ ಕರೆದೊಯ್ಯಬೇಕು. ಹೈದರ್ ಮತ್ತು ಟಿಪ್ಪುವಿನ ಫಿರಂಗಿ ಎಳೆದ ತಳಿಯ ದನಗಳು ಮೇಯ್ದದ್ದು ಅಂಥ ಕಾವಲುಗಳ ಹುಲ್ಲನ್ನು. ಕೃಷ್ಣಮೃಗಕ್ಕೂ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೂ ಬೇಕಾದದ್ದು ಆ ಬಯಲೇ. ಅಲ್ಲಿ ಸಾಲುಮರ ನೆಟ್ಟರೆ ಅವುಗಳ ಮನೆ ಕೆಡಿಸಿದಂತೆ.

ಮೃಗಶಿರ ಮಳೆ ಎರಡು ಸಲ ಚೆನ್ನಾಗಿ ಬಿದ್ದ ಮೇಲೆ ತಂಗಿಯ ಮನೆಯಲ್ಲಿ ಕೆಲಸ ಶುರುವಾಯಿತು. ಹೊಂಗೆ ಸಸಿಯ ಚೀಲ ಹರಿದು, ಸುರುಳಿ ಸುತ್ತಿಕೊಂಡಿದ್ದ ಬೇರನ್ನು ಬಿಡಿಸಿ ನೆಟ್ಟೆವು. ಲಾವಂಚದ ತೆಂಡೆಗಳು ಗೇಣಿಗೊಂದರಂತೆ ಸಾಲಾಗಿ ಕುಳಿತವು. ಮಕ್ಕಳ ಮುಖ ಬಾಡಿದ್ದನ್ನು ನೋಡಲಾಗದೆ ನೇರಳೆ ಹುಲ್ಲನ್ನೂ ಒಂದು ಕುಂಡದಲ್ಲಿ ತಂದು ಮೆಟ್ಟಿಲ ಮೇಲೆ ಇಟ್ಟಿದ್ದೇವೆ. ದೀಪಾವಳಿಯ ಮೂರು ದಿನ ಮಾತ್ರ ಅದನ್ನು ಮನೆಯೊಳಗೆ ಎತ್ತಿಡಿ ಎಂದು ಹೇಳಿ ಬಂದಿದ್ದೇನೆ.

ನಮಸ್ಕಾರ.