ದೇವರಾಜ ಮಾರುಕಟ್ಟೆಯ ಚಾವಣಿ ಯಾರ ಜವಾಬ್ದಾರಿ?

ನಮಸ್ಕಾರ. ಇವತ್ತು ಮೈಸೂರಿನ ದೇವರಾಜ ಮಾರುಕಟ್ಟೆಯ ಬಗ್ಗೆ ಮಾತಾಡೋಣ. 'ಮತ್ತೆ ಅದೇ ಗೋಳಾ' ಅಂತ ಮೈಸೂರಿನವರು ಎದ್ದು ಹೋಗಬೇಡಿ. ಕೆಡವಬೇಕೋ ಬೇಡವೋ ಅನ್ನುವ ಜಗಳವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಕೇಳೋದು ಬೇರೆ. ಮಳೆಗಾಲ ಶುರುವಾಗುವ ಮುಂಚೆ ಆ ಕಟ್ಟಡದ ಮೇಲೆ ಹತ್ತಿ, ಕಸ ಗುಡಿಸಿ, ನೀರು ಹೋಗುವ ದಾರಿ ಬಿಡಿಸುವ ಕೆಲಸ ಯಾರದ್ದು?

ಚಿಕ್ಕ ಗಡಿಯಾರ ಅನ್ನುವ ಗಡಿಯಾರ ಗೋಪುರದ ಕಡೆಯಿಂದ ಮಾರುಕಟ್ಟೆಯ ಒಳಗೆ ಹೋದವರಿಗೆ ಗೊತ್ತು. ಮಲ್ಲಿಗೆ ಮಾರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಪಕ್ಕದಲ್ಲಿ ವೀಳ್ಯದೆಲೆ, ಆಮೇಲೆ ಬಾಳೆಗೊನೆಗಳ ಸಾಲು, ಗೋಪುರದ ಹಾಗೆ ಪೇರಿಸಿಟ್ಟ ಕುಂಕುಮ. ಬರುವ ಪ್ರವಾಸಿಗರೆಲ್ಲ ಕುಂಕುಮದ ಫೋಟೊ ತೆಗೆಯುತ್ತಾರೆ. ತಲೆ ಎತ್ತಿ ಮೇಲೆ ನೋಡುವವರು ಕಡಿಮೆ.

ಮೇಲೆ ನೋಡಬೇಕಿತ್ತು ಅಂತ ಎಲ್ಲರಿಗೂ ಗೊತ್ತಾದದ್ದು 2012ರ ಆಗಸ್ಟ್‌ನಲ್ಲಿ. ಹತ್ತಿರದಲ್ಲೇ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಹಳೆ ಪುಸ್ತಕದ ಅಂಗಡಿಗಳಿದ್ದವಲ್ಲ, ಅದೇ ಕಟ್ಟಡ. ನಾಲ್ಕು ವರ್ಷ ಕಳೆಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗ ಬಿತ್ತು. ಅದೂ ದುರಸ್ತಿ ನಡೆಯುತ್ತಿದ್ದಾಗಲೇ! ಆಮೇಲೆ ಸಮಿತಿಗಳು ಬಂದವು. ಉಳಿಸಬಹುದು ಅಂದವರೂ ತಜ್ಞರೇ, ಕೆಡವಿ ಅಂದವರೂ ತಜ್ಞರೇ. ವಿಷಯ ಕೋರ್ಟಿಗೆ ಹೋಯಿತು. 2023ರಲ್ಲಿ ಹೈಕೋರ್ಟ್ ಎರಡೂ ಕಟ್ಟಡಗಳನ್ನು ಕೆಡವುವ ನಿರ್ಧಾರವನ್ನು ಎತ್ತಿಹಿಡಿಯಿತು.

ಇಂಥ ಕಟ್ಟಡ ಒಂದೇ ದಿನದಲ್ಲಿ ಸಾಯೋದಿಲ್ಲ. ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆ. ಚಾವಣಿಯ ಮೇಲೆ ಎಲೆ, ಪ್ಲಾಸ್ಟಿಕ್ ಸೇರಿ ನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ನಿಲ್ಲುತ್ತದೆ. ಹಕ್ಕಿ ಹಾಕಿದ ಬೀಜದಿಂದ ಬಿರುಕಿನಲ್ಲಿ ಅರಳಿ ಸಸಿ ಹುಟ್ಟುತ್ತದೆ. ಅದನ್ನು ಬೇರು ಸಮೇತ ತೆಗೆಯದೆ ಯಾರೋ ಮೇಲಿಂದ ಮುರಿದು ಬಿಸಾಕುತ್ತಾರೆ. ಬೇರು ಒಳಗೇ ದಪ್ಪ ಆಗುತ್ತಾ ಹೋಗುತ್ತದೆ. ಗೋಡೆ ತೇವ ಆಯಿತು ಅಂತ ಯಾರೋ ಸಿಮೆಂಟ್ ಬಳಿಯುತ್ತಾರೆ. ಸುಣ್ಣದ ಗೋಡೆಯ ತೇವ ತಾನಾಗಿ ಆರುತ್ತದೆ, ಸಿಮೆಂಟ್ ಅದಕ್ಕೆ ಬಿಡೋದಿಲ್ಲ. ಒಳಗಿನ ಗಾರೆ ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಇದೆಲ್ಲ ನಡೆಯುವಾಗ ಕೆಳಗೆ ಟೊಮೇಟೊ ವ್ಯಾಪಾರ ಜೋರಾಗೇ ಇರುತ್ತದೆ.

ಕೊಳವೆ ಬಿಡಿಸೋದೇನು ದೊಡ್ಡ ವಿಜ್ಞಾನ ಅಲ್ಲ. ಆದರೂ ಆಗೋದಿಲ್ಲ. ಯಾಕೆ? ಮಾಲೀಕತ್ವ ಪಾಲಿಕೆಯದ್ದು, ಒಳಗೆ ಕೂತವರು ಬಾಡಿಗೆದಾರರು. ನಮ್ಮ ಊರುಗಳ ಹಳೆ ಮಾರುಕಟ್ಟೆಗಳಲ್ಲೆಲ್ಲ ಇದೇ ಕಥೆ. ಬಾಡಿಗೆ ಹಳೆಯ ಕಾಲದ್ದು, ರಿಪೇರಿಯ ಖರ್ಚು ಈ ಕಾಲದ್ದು. ಬರೋ ದುಡ್ಡಿನಲ್ಲಿ ಏನು ಮಾಡೋದು ಅನ್ನುತ್ತದೆ ಪಾಲಿಕೆ. ನಮ್ಮ ಕಟ್ಟಡವೇ ಅಲ್ಲ, ನಾಳೆ ಎಬ್ಬಿಸಿದರೆ ನಾವು ಹಾಕಿದ ದುಡ್ಡು ಹೋಯ್ತಲ್ಲ ಅನ್ನುತ್ತಾರೆ ಅಂಗಡಿಯವರು. ಇಬ್ಬರ ಮಾತಲ್ಲೂ ನ್ಯಾಯ ಇದೆ. ನಷ್ಟ ಮಾತ್ರ ಕಟ್ಟಡಕ್ಕೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಇಂಥದ್ದೇ ಪರಿಸ್ಥಿತಿ ಬಂದಿತ್ತು. ರಿಚರ್ಡ್ ಗ್ರೇಂಜರ್ ಅನ್ನುವ ಬಿಲ್ಡರ್ 1830ರ ದಶಕದಲ್ಲಿ ಕಟ್ಟಿದ ಪೇಟೆ ಅದು. ನಡುವೆ 1835ರ ಒಂದು ಮಾರುಕಟ್ಟೆ. ಇವತ್ತಿಗೂ ಅಲ್ಲಿ ಒಂದು ತೂಕದ ಮನೆ ಇದೆ, ಜನ ಹೋಗಿ ತಮ್ಮ ತೂಕ ನೋಡಿಕೊಂಡು ಬರುತ್ತಾರೆ. 1990ರ ದಶಕದ ಹೊತ್ತಿಗೆ ಆ ಪೇಟೆಯ ಪಟ್ಟಿ ಮಾಡಿದ ಪಾರಂಪರಿಕ ಕಟ್ಟಡಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಅಪಾಯದಲ್ಲಿದ್ದವು. ಕೆಳಗೆ ಅಂಗಡಿ, ಮೇಲಿನ ಮಹಡಿಗಳು ಖಾಲಿ. 1997ರಿಂದ 2003ರವರೆಗೆ ಗ್ರೇಂಜರ್ ಟೌನ್ ಪಾರ್ಟ್‌ನರ್‌ಶಿಪ್ ಅಂತ ಒಂದು ಕೂಟ ಕೆಲಸ ಮಾಡಿತು. ನಗರ ಕೌನ್ಸಿಲ್ ಇತ್ತು, ಪರಂಪರೆ ನೋಡಿಕೊಳ್ಳುವ ಸಂಸ್ಥೆ ಇತ್ತು, ಖಾಸಗಿಯವರಿದ್ದರು. ವ್ಯಾಪಾರಿಗಳಿಗೆ ಒಂದು ವೇದಿಕೆ, ಅಲ್ಲಿ ವಾಸ ಇದ್ದವರಿಗೆ ಇನ್ನೊಂದು. ಮಾಲೀಕರಿಗೆ ರಿಪೇರಿಗೆ ಅನುದಾನ ಸಿಕ್ಕಿತು, ಆದರೆ ಅವರೂ ಕೈಯಿಂದ ದುಡ್ಡು ಹಾಕಬೇಕಿತ್ತು. ಖಾಲಿ ಇದ್ದ ಎಷ್ಟೋ ಮಹಡಿಗಳು ಮನೆಗಳಾದವು.

'ಅವರ ಹತ್ತಿರ ಪೌಂಡ್ ಇದೆ ಬಿಡಿ' ಅನ್ನಬಹುದು. ಸರಿ, ಹೈದರಾಬಾದಿಗೆ ಹೋಗೋಣ. ನಿಜಾಮರ ಕಾಲದ, 1935ರ ಮೊಅಜ್ಜಂ ಜಾಹಿ ಮಾರುಕಟ್ಟೆಯನ್ನು ದುರಸ್ತಿ ಮಾಡಿ 2020ರಲ್ಲಿ ಮತ್ತೆ ಜನರಿಗೆ ಬಿಟ್ಟರು. ಅದು ಕಲ್ಲಿನ ಕಟ್ಟಡ, ನಮ್ಮದು ಇಟ್ಟಿಗೆ. ಹೋಲಿಕೆ ಪೂರ್ತಿ ಕೂಡೋದಿಲ್ಲ, ಒಪ್ಪುತ್ತೇನೆ. ಆದರೆ ಕೆಡವದೆಯೂ ಆಗುತ್ತದೆ ಅನ್ನೋದಂತೂ ಕಾಣುತ್ತದೆ ಅಲ್ವಾ?

'ಕೆಡವಿ ಅದೇ ರೂಪದಲ್ಲಿ ಕಟ್ಟುತ್ತೇವೆ' ಅನ್ನುವ ಮಾತು ನನಗೆ ಗಂಟಲಲ್ಲಿ ಇಳಿಯೋದಿಲ್ಲ. ಕಮಾನು ಹಾಗೇ ಬರಬಹುದು, ಬಣ್ಣವೂ ಅದೇ ಬಳಿಯಬಹುದು. ಕಟ್ಟುವ ಅಷ್ಟೂ ವರ್ಷ ಹೂವಿನವರು ಎಲ್ಲಿ ಕೂರಬೇಕು? ಒಂದು ಸಲ ಗಿರಾಕಿ ಬೇರೆ ಕಡೆ ಹೋದರೆ ಮತ್ತೆ ಬರ್ತಾನಾ? ಹಾಗಂತ 'ಪಾರಂಪರಿಕ, ಮುಟ್ಟಬೇಡಿ' ಅಂತ ಸುಮ್ನೆ ಕೂರುವವರ ಜೊತೆಗೂ ನಾನಿಲ್ಲ. ಮುಟ್ಟದೇ ಬಿಟ್ಟಿದ್ದಕ್ಕೇ ತಾನೇ ಬಿದ್ದದ್ದು? ನಾಲ್ಕು ಜೀವ ಹೋಗಿವೆ, ಅದನ್ನು ಮರೆತು ಕಮಾನಿನ ಸೌಂದರ್ಯ ಹೊಗಳುವುದು ನನ್ನಿಂದಾಗದು.

ನನ್ನ ಪ್ರಕಾರ ಸುಣ್ಣವೋ ಸಿಮೆಂಟೋ ಅನ್ನುವ ಚರ್ಚೆಗಿಂತ ಮೊದಲು ಒಂದು ಕರಾರು ಆಗಬೇಕು. ಅಂಗಡಿಯವರಿಗೆ ಇಷ್ಟು ವರ್ಷ ಎಬ್ಬಿಸುವುದಿಲ್ಲ ಅನ್ನುವ ಭರವಸೆ ಬರಹದಲ್ಲಿ ಸಿಗಲಿ. ಬದಲಿಗೆ ಬಾಡಿಗೆ ಈ ಕಾಲಕ್ಕೆ ತಕ್ಕಂತೆ ಏರಲಿ. ಏರಿದ ದುಡ್ಡು ಪಾಲಿಕೆಯ ಸಾಮಾನ್ಯ ಖಾತೆಗೆ ಹೋಗಬಾರದು, ಅಲ್ಲಿಗೆ ಹೋದರೆ ಯಾವುದೋ ಬಡಾವಣೆಯ ಚರಂಡಿಯಲ್ಲಿ ಕರಗುತ್ತದೆ. ಮಾರುಕಟ್ಟೆಯ ಹೆಸರಲ್ಲೇ ಬೇರೆ ಖಾತೆ ಇರಲಿ, ಚೆಕ್ಕಿಗೆ ಪಾಲಿಕೆಯವರ ಜೊತೆ ವ್ಯಾಪಾರಿಗಳ ಸಹಿಯೂ ಬೇಕು. ಕೆಲಸ ಒಂದೊಂದೇ ಸಾಲಿನಲ್ಲಿ ನಡೆಯಲಿ, ಉಳಿದ ಸಾಲುಗಳಲ್ಲಿ ವ್ಯಾಪಾರ ನಿಲ್ಲದಿರಲಿ. ಟೆಂಡರ್‌ನಲ್ಲಿ ಕಡಿಮೆ ದರ ಕೂಗಿದವನಿಗೇ ಕೊಡಬೇಕು ಅನ್ನುವುದಾದರೆ, ಸುಣ್ಣದ ಗಾರೆ ಅರೆದು ಗೊತ್ತಿರುವ ಮೇಸ್ತ್ರಿ ಇರಲೇಬೇಕು ಅನ್ನುವ ಷರತ್ತನ್ನು ಟೆಂಡರಿನಲ್ಲೇ ಹಾಕಿ.

ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂ ಸವಾರಿ ಹೋಗುವಾಗ ಈ ಮಾರುಕಟ್ಟೆಯ ಪಕ್ಕದಲ್ಲೇ ಹೋಗುತ್ತದೆ. ಪ್ರತಿ ದಸರೆಗೂ ಆ ರಸ್ತೆಗೆ ದೀಪ ಹಾಕಲು ದುಡ್ಡು ಹೊಂದಿಸುತ್ತೇವೆ. ಅದರ ಜೊತೆ ಚಾವಣಿಯ ಲೆಕ್ಕವನ್ನೂ ಸೇರಿಸಿ, ಈ ವರ್ಷ ಎಷ್ಟು ಖರ್ಚಾಯಿತು, ಯಾರು ಹತ್ತಿ ಗುಡಿಸಿದರು ಅಂತ ಮಾರುಕಟ್ಟೆಯ ಬಾಗಿಲಲ್ಲೇ ಬೋರ್ಡ್ ಬರೆದು ಹಾಕಿ. ಎಲೆ ಅಡಿಕೆ ತಗೊಳ್ಳೋಕೆ ಬಂದವರು ಓದಿಕೊಂಡು ಹೋಗುತ್ತಾರೆ.