ಎಣ್ಣೆ ಪೀಪಾಯಿಯೊಳಗೆ ಹನ್ನೆರಡು ಸ್ವರ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಒಂದು ವಾದ್ಯದ ಬಗ್ಗೆ. ಅದರ ಹೆಸರು ಸ್ಟೀಲ್ ಪ್ಯಾನ್. ಅದು ಹುಟ್ಟಿದ್ದು ಟ್ರಿನಿಡಾಡ್ ದ್ವೀಪದಲ್ಲಿ, ಅಲ್ಲಿಯವರು ಬರೀ ‘ಪ್ಯಾನ್’ ಅನ್ನುತ್ತಾರೆ. ಬ್ರಯಾನ್ ಲಾರಾ ಹುಟ್ಟಿದ ಊರು ಎಂದರೆ ನಮ್ಮಲ್ಲಿ ಬೇಗ ಗುರುತು ಸಿಗುತ್ತದೆ. ನೋಡಲು ದೊಡ್ಡ ಬಾಣಲೆಯ ಹಾಗಿದೆ, ಒಳಮೈ ತುಂಬ ಉಬ್ಬುಗಳು. ರಬ್ಬರ್ ಸುತ್ತಿದ ಎರಡು ಚಿಕ್ಕ ಕೋಲುಗಳಿಂದ ನುಡಿಸಿದರೆ ಜಲತರಂಗಕ್ಕೂ ಗುಡಿಯ ಗಂಟೆಗೂ ನಡುವಿನದೊಂದು ನಾದ ಬರುತ್ತದೆ. ಮಾಡಿರುವುದು ಎಣ್ಣೆ ತುಂಬುವ ಕಬ್ಬಿಣದ ಪೀಪಾಯಿಯಿಂದ. ಬಡವರು ಹಳೇ ಡಬ್ಬ ಬಡಿಯುತ್ತ ಬಡಿಯುತ್ತ ಆಕಸ್ಮಿಕವಾಗಿ ಸಿಕ್ಕಿದ ವಾದ್ಯ ಎಂದು ಇದರ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಪೀಪಾಯಿ ಪ್ಯಾನ್ ಆಗುವ ತನಕ ಅದರ ಮೇಲೆ ಬೀಳುವ ಏಟುಗಳ ಲೆಕ್ಕ ನೋಡಿದರೆ ನೀವೂ ಒಪ್ಪಲಾರಿರಿ. ಅದಕ್ಕೆ ಮೊದಲು, ಆ ಜನ ಚರ್ಮದ ಡೋಲು ಬಿಟ್ಟು ಕಬ್ಬಿಣದ ಕಡೆ ಯಾಕೆ ಬಂದರು ಎಂಬುದನ್ನು ಹೇಳಬೇಕು.

ಟ್ರಿನಿಡಾಡ್ 1797ರವರೆಗೆ ಸ್ಪೇನಿನ ಕೈಯಲ್ಲಿತ್ತು, ಆಮೇಲೆ ಬ್ರಿಟಿಷರದಾಯಿತು. 1783ರಿಂದೀಚೆಗೆ ಫ್ರೆಂಚ್ ತೋಟದ ಮಾಲೀಕರು ಪಕ್ಕದ ದ್ವೀಪಗಳಿಂದ ತಮ್ಮ ಆಫ್ರಿಕನ್ ಗುಲಾಮರನ್ನು ತಂದು ಇಲ್ಲಿ ಕಬ್ಬು ಬೆಳೆಸಿದರು. ಗದ್ದೆಗೆ ಬೆಂಕಿ ಬಿದ್ದರೆ ಗುಲಾಮರ ಕೈಗೆ ಪಂಜು ಕೊಟ್ಟು ರಾತ್ರೋರಾತ್ರಿ ಕಬ್ಬು ಕಡಿಯಲು ಅಟ್ಟುತ್ತಿದ್ದರು. ಬಿಡುಗಡೆ ಬಂದದ್ದು 1834ರಲ್ಲಿ, ಅದು ಪೂರ್ತಿಯಾದದ್ದು 1838ರಲ್ಲಿ. ಬಿಡುಗಡೆಯಾದ ಜನ ಅದೇ ಪಂಜಿನ ಮೆರವಣಿಗೆಯನ್ನು ತಮ್ಮ ಹಬ್ಬ ಮಾಡಿಕೊಂಡರು. ಅದರ ಹೆಸರು ಕ್ಯಾನ್‌ಬುಲೆ. ಸುಟ್ಟ ಕಬ್ಬು ಎಂಬ ಫ್ರೆಂಚ್ ಮಾತಿನಿಂದ ಬಂದದ್ದು. ಡೋಲು, ಹಾಡು, ದೊಣ್ಣೆವರಸೆ ಎಲ್ಲ ಅದರಲ್ಲಿತ್ತು. 1881ರಲ್ಲಿ ಪೊಲೀಸರು ತಡೆಯಲು ಹೋಗಿ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಬೀದಿಯಲ್ಲಿ ಹೊಡೆದಾಟವಾಯಿತು. 1884ರಲ್ಲಿ ಸರ್ಕಾರ ಕಾನೂನು ತಂದು ಪಂಜು, ದೊಣ್ಣೆ ಹಿಡಿದ ಗುಂಪು, ಡೋಲು ಮೂರಕ್ಕೂ ಅಡ್ಡಗಟ್ಟಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಯಾನ್ ಫರ್ನಾಂಡೊ ಪಟ್ಟಣದ ಹತ್ತಿರ ಇನ್ನೊಂದು ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದು ಭಾರತದಿಂದ ಹೋದ ಒಪ್ಪಂದದ ಕೂಲಿಗಳು ನಡೆಸುತ್ತಿದ್ದ ಮೊಹರಂ. ಅಲ್ಲಿ ಅದಕ್ಕೆ ‘ಹೊಸೇ’ ಎನ್ನುತ್ತಾರೆ, ಹುಸೇನ್ ಎಂಬ ಹೆಸರೇ ಹಾಗಾಗಿದೆ. ಆ ಮೆರವಣಿಗೆಯ ವಾದ್ಯಕ್ಕೆ ಇಂದಿಗೂ ‘ತಾಸಾ’ ಎಂದೇ ಹೆಸರು. ನಮ್ಮಲ್ಲಿ ಮದುವೆಗೂ ಮೊಹರಂಗೂ ಬಾರಿಸುವ ತಾಸೆಯೇ ಅದು. ನಮ್ಮವರು ತಮಟೆ ಕಾಯಿಸುವ ಹಾಗೆ ಅಲ್ಲಿಯೂ ತಾಸೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ.

ಡೋಲಿಗೆ ಅಡ್ಡಿಯಾದ ಮೇಲೆ ಆಫ್ರಿಕನ್ ಮೂಲದವರು ಬಿದಿರು ಕಡಿದರು. ಮಾರುದ್ದದ ದಪ್ಪ ಬೊಂಬನ್ನು ನೆಲಕ್ಕೆ ಕುಟ್ಟಿದರೆ ಗುಂಯ್ ಎನ್ನುವ ತಳದ ಸದ್ದು. ಗೇಣುದ್ದದ ಎರಡು ತುಂಡುಗಳನ್ನು ತುದಿಗೆ ತುದಿ ತಾಗಿಸಿದರೆ ನಡುವಿನ ಸದ್ದು. ತೆಳ್ಳಗಿನದನ್ನು ಹೆಗಲ ಮೇಲಿಟ್ಟು ಕಡ್ಡಿಯಿಂದ ಹೊಡೆದರೆ ಚುರುಕಾದ ಮೇಲುಸದ್ದು. ಈ ಮೇಳಕ್ಕೆ ಟ್ಯಾಂಬೂ ಬ್ಯಾಂಬೂ ಎಂದು ಹೆಸರು. ಡೋಲಿನ ಮೂರು ಕೆಲಸವನ್ನೂ ಬಿದಿರಿಗೆ ಹಂಚಿದ್ದರು ಎಂಬುದನ್ನು ಗಮನಿಸಿ. ಆದರೆ ಬಿದಿರು ನೆಲಕ್ಕೆ ಕುಟ್ಟಿ ಕುಟ್ಟಿ ಸೀಳುತ್ತದೆ, ಬೀದಿಯ ಗದ್ದಲದಲ್ಲಿ ಅದರ ಸದ್ದು ಅಡಗುತ್ತದೆ. 1930ರ ದಶಕದ ಕೊನೆಗೆ ಬಿಸ್ಕತ್ತು ಡಬ್ಬ, ಪೇಂಟ್ ಡಬ್ಬ, ಮೋಟಾರಿನ ಬ್ರೇಕ್ ಡ್ರಮ್ಮುಗಳು ಆ ಜಾಗಕ್ಕೆ ಬಂದವು. ಹೊಡೆತಕ್ಕೆ ತಗ್ಗಿದ ಡಬ್ಬ ಬೇರೆ ಬೇರೆ ಕಡೆ ಬೇರೆ ಬೇರೆ ಸ್ವರ ಕೊಡುತ್ತದೆ ಎಂಬುದು ಹಲವರ ಕಿವಿಗೆ ಬಿತ್ತು. ವಿನ್‌ಸ್ಟನ್ ಸೈಮನ್ ಆ ತಗ್ಗುಗಳನ್ನು ಬೇಕೆಂದೇ ಮಾಡಿ ರಾಗ ನುಡಿಸಿದವರಲ್ಲಿ ಒಬ್ಬ. ಯುದ್ಧದ ವರ್ಷಗಳಲ್ಲಿ, 1942ರಿಂದ 1945ರವರೆಗೆ, ದ್ವೀಪದ ದೊಡ್ಡ ಬೀದಿಹಬ್ಬವಾದ ಕಾರ್ನಿವಲ್ ನಿಂತಿತ್ತು. ಮತ್ತೆ ಶುರುವಾಗುವ ಹೊತ್ತಿಗೆ ದ್ವೀಪದ ಎಣ್ಣೆ ಉದ್ಯಮದಿಂದಲೂ ಅಮೆರಿಕನ್ ಸೇನಾ ನೆಲೆಯಿಂದಲೂ ಬಂದ ಪೀಪಾಯಿಗಳು ಎಲ್ಲೆಲ್ಲೂ ಬಿದ್ದಿದ್ದವು. ಮೊದಮೊದಲು ಡಬ್ಬದ ತಳವನ್ನು ಹೊರಕ್ಕೆ ಉಬ್ಬಿಸುತ್ತಿದ್ದರು. ಅದನ್ನು ಒಳಕ್ಕೆ ತಗ್ಗಿಸಿ, ದೊಡ್ಡ ಪೀಪಾಯಿಗೆ ಕೈಹಾಕಿದ ಕೀರ್ತಿ ಎಲಿ ಮ್ಯಾನೆಟ್‌ಗೆ ಸಲ್ಲುತ್ತದೆ. ತಗ್ಗಿಸಿದರೆ ಮೈ ಹಿಗ್ಗುತ್ತದೆ, ಹೆಚ್ಚು ಸ್ವರಕ್ಕೆ ಜಾಗ ಸಿಗುತ್ತದೆ.

ಈಗ ಮಾಡುವ ಬಗೆಗೆ ಬರೋಣ.

ಪೀಪಾಯಿ 55 ಗ್ಯಾಲನ್ನಿನದು, ಅಂದರೆ ಸುಮಾರು 208 ಲೀಟರ್ ಹಿಡಿಯುವಂಥದ್ದು. ಬಾಯಿಯ ಅಗಲ ಸುಮಾರು 57 ಸೆಂಟಿಮೀಟರ್, ತಗಡಿನ ದಪ್ಪ ಸುಮಾರು 1.2 ಮಿಲಿಮೀಟರ್. ತೂತುಗಳಿಲ್ಲದ ತಳವೇ ಪ್ಯಾನಿನ ಮುಖ. ಉಕ್ಕಿನಲ್ಲಿ ಇಂಗಾಲ ಕಡಿಮೆ ಇರಬೇಕು, ಹೆಚ್ಚಿದ್ದರೆ ಹಿಗ್ಗುವ ಬದಲು ಬಿರಿಯುತ್ತದೆ. ತುಕ್ಕು ತಿಂದದ್ದನ್ನು ಮುಟ್ಟಲೇಬಾರದು.

ಮೊದಲ ಕೆಲಸ ತಗ್ಗಿಸುವುದು. ಹಿಡಿಯನ್ನು ಮೊಟಕು ಮಾಡಿದ ದೊಡ್ಡ ಸುತ್ತಿಗೆಯಿಂದ ಸುತ್ತು ಸುತ್ತಾಗಿ ಹೊಡೆಯುತ್ತ ಹೋಗಬೇಕು. ಮೇಲುಸ್ವರಗಳ ಪ್ಯಾನಿಗೆ, ಅಂದರೆ ಟೆನರಿಗೆ, ನಡುವಿನ ಆಳ ಸುಮಾರು 20 ಸೆಂಟಿಮೀಟರ್. ಅಷ್ಟು ಇಳಿಯುವ ಹೊತ್ತಿಗೆ ನಡುವಿನ ತಗಡು ಮೊದಲಿದ್ದ ದಪ್ಪದ ಅರ್ಧದಷ್ಟಕ್ಕೆ ಬಂದಿರುತ್ತದೆ. ಎತ್ತರದ ಸ್ವರಗಳು ಕೂರುವುದು ಅಲ್ಲಿಯೇ, ಅವಕ್ಕೆ ತೆಳುವಾದ ಲೋಹವೇ ಬೇಕು. ಆತುರಕ್ಕೆ ಒಂದೇ ಜಾಗದ ಮೇಲೆ ಜೋರಾಗಿ ಬಡಿದರೆ ಅಲ್ಲಿ ಲೋಹ ಸೋತು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಪೀಪಾಯಿಗೆ ಮದ್ದಿಲ್ಲ, ಎರಡು ದಿನದ ದುಡಿಮೆ ಗುಜರಿಗೆ ಹೋಗುತ್ತದೆ.

ಆಮೇಲೆ ಅಚ್ಚು ಇಟ್ಟು ಸ್ವರಗಳ ಗಡಿ ಬರೆಯುತ್ತಾರೆ. ಟೆನರಿನಲ್ಲಿ ಅಂಚಿನ ಸುತ್ತ 12, ಅದರ ಒಳಸುತ್ತಿನಲ್ಲಿ 12, ನಡುವೆ ನಾಲ್ಕೋ ಐದೋ. ಹೊರಗಿನ ಸ್ವರದ ತಾರಸ್ಥಾಯಿ ಒಳಸುತ್ತಿನಲ್ಲಿ ಅದರ ನೇರಕ್ಕೇ ಇರುತ್ತದೆ. ಅಕ್ಕಪಕ್ಕದ ಜೋಡಣೆ ನಮ್ಮ ಸಂಗೀತ ಬಲ್ಲವರಿಗೆ ಖುಷಿ ಕೊಡುವಂಥದ್ದು. ಒಂದು ಉಬ್ಬನ್ನು ಷಡ್ಜ ಎಂದಿಟ್ಟುಕೊಂಡರೆ ಒಂದು ಪಕ್ಕಕ್ಕೆ ಪಂಚಮ, ಇನ್ನೊಂದು ಪಕ್ಕಕ್ಕೆ ಶುದ್ಧ ಮಧ್ಯಮ. ಹೀಗೆ ಪಂಚಮದಿಂದ ಪಂಚಮಕ್ಕೆ ಹೋಗಿ ಹನ್ನೆರಡೂ ಸ್ವರ ಒಂದು ಸುತ್ತು ಬರುತ್ತವೆ. ಇದು ಆಂಟನಿ ವಿಲಿಯಮ್ಸ್ ಕೊಟ್ಟ ಜೋಡಣೆ. ಕಾರಣ ಸರಳ: ಒಂದು ಉಬ್ಬನ್ನು ನುಡಿಸಿದರೆ ಪಕ್ಕದ್ದೂ ಸ್ವಲ್ಪ ನಡುಗುತ್ತದೆ. ಪಕ್ಕದಲ್ಲಿ ಪಂಚಮವಿದ್ದರೆ ಆ ನಡುಕ ನಾದಕ್ಕೆ ತುಂಬು ಕೊಡುತ್ತದೆ. ಷಡ್ಜದ ಪಕ್ಕ ಶುದ್ಧ ರಿಷಭ ಇಟ್ಟಿದ್ದರೆ ಎರಡೂ ಜಗಳವಾಡುತ್ತಿದ್ದವು.

ಗಡಿಗೆರೆಯ ಗುಂಟ ತುದಿ ಮೊಂಡಾದ ಮೊಳೆಯಂಥ ಉಳಿ ಇಟ್ಟು ಒತ್ತೊತ್ತಾಗಿ ಚುಕ್ಕಿ ಹೊಡೆಯುತ್ತಾರೆ. ಒಂದು ಸ್ವರದ ಕಂಪನ ಇನ್ನೊಂದಕ್ಕೆ ಹರಿಯದಂತೆ ಕಟ್ಟಿದ ಬದು ಅದು. ಉಳಿಯ ತುದಿ ಚೂಪಾಗಿದ್ದರೆ ತಗಡನ್ನು ಕೊಯ್ದುಬಿಡುತ್ತದೆ. ಬಳಿಕ ಪೀಪಾಯಿಯ ಮೈ ಕತ್ತರಿಸುವುದು: ಟೆನರಿಗೆ ಗೇಣಿಗಿಂತ ಕಡಿಮೆ, 13ರಿಂದ 15 ಸೆಂಟಿಮೀಟರ್ ಉಳಿಸುತ್ತಾರೆ, ತಳಸ್ವರದ ಬೇಸ್ ಪ್ಯಾನಿಗೆ ಪೂರ್ತಿ ಪೀಪಾಯಿಯನ್ನೇ ಬಿಡುತ್ತಾರೆ.

ಮುಂದಿನದು ಸುಡುವುದು, ನನ್ನ ದೃಷ್ಟಿಯಲ್ಲಿ ಅತ್ಯಂತ ಸೂಕ್ಷ್ಮವಾದ ಹೆಜ್ಜೆ. ಪ್ಯಾನನ್ನು ಕೆಲವೇ ನಿಮಿಷ ಬೆಂಕಿಯ ಮೇಲಿಡುತ್ತಾರೆ. ಲೋಹದ ಬಣ್ಣ ಹಳದಿಗೆ, ಕಂದಿಗೆ, ಆಮೇಲೆ ನೀಲಿಗೆ ತಿರುಗುತ್ತದೆ. ನೀಲಿ ಎಂದರೆ ಸುಮಾರು 300 ಡಿಗ್ರಿ. ಸುತ್ತಿಗೆಯ ಏಟಿಗೆ ಉಕ್ಕಿನ ಒಳರಚನೆ ಜರುಗಿರುತ್ತದೆ. ಈ ಕಾವಿಗೆ ಇಂಗಾಲದ ಕಣಗಳು ಆ ಜರುಗಿದ ಸಂದುಗಳಿಗೆ ಹೋಗಿ ಕೂತು ಅಲ್ಲಾಡದಂತೆ ಹಿಡಿಯುತ್ತವೆ, ಲೋಹ ಗಡುಸಾಗುತ್ತದೆ. ಕಾವು ಸಾಲದಿದ್ದರೆ ಶ್ರುತಿ ನಿಲ್ಲುವುದಿಲ್ಲ. ಹೆಚ್ಚಾದರೆ ಉಕ್ಕು ಮೆತ್ತಗಾಗಿ ನಾದ ಸತ್ತು ಬರೀ ತಗಡಿನ ಸದ್ದು ಉಳಿಯುತ್ತದೆ. ಇಲ್ಲಿ ಮಾಪಕದ ಕೆಲಸವನ್ನು ಬಹಳ ಕಾಲ ಕಣ್ಣೇ ಮಾಡಿದೆ.

ಕೊನೆಗೆ ಶ್ರುತಿ. ಈ ಕೆಲಸ ಮಾಡುವವನಿಗೆ ಅಲ್ಲಿ ಟ್ಯೂನರ್ ಎನ್ನುತ್ತಾರೆ. ಚಿಕ್ಕ ಸುತ್ತಿಗೆಯಿಂದ ಕೆಳಗಿನಿಂದ ಒಂದು ಏಟು, ಮೇಲಿನಿಂದ ಒಂದು ಏಟು, ಕೋಲಿನಿಂದ ಒಂದು ಸಲ ನುಡಿಸಿ ಕೇಳುವುದು, ಮತ್ತೆ ಏಟು. ಉಬ್ಬಿನ ಎತ್ತರ, ಬಿಗಿ, ಅಳತೆ ಮೂರೂ ಸೇರಿ ಸ್ವರ ನಿಲ್ಲುತ್ತದೆ. ಮೂಲ ಸ್ವರ ಕೂತರೆ ಸಾಲದು. ಅದೇ ಉಬ್ಬು ಉದ್ದಕ್ಕೆ ನಡುಗುವಾಗ ತಾರಷಡ್ಜ ಕೊಡಬೇಕು, ಅಡ್ಡಕ್ಕೆ ನಡುಗುವಾಗ ಅದಕ್ಕೂ ಮೇಲಿನ ಪಂಚಮದಂಥದ್ದು ಬರಬೇಕು. 1950ರ ದಶಕದಲ್ಲಿ ಈ ಅಡಗಿದ ಸ್ವರಗಳನ್ನೂ ಶ್ರುತಿಗೆ ತರುವುದನ್ನು ಬರ್ಟಿ ಮಾರ್ಷಲ್ ಸಾಧಿಸಿದ. ಡಬ್ಬದ ಸದ್ದು ಗಂಟೆಯ ನಾದವಾದದ್ದು ಅದರಿಂದ. ಒಂದು ಸ್ವರ ಸರಿಮಾಡಿದರೆ ಪಕ್ಕದ್ದು ಕದಲುತ್ತದೆ, ಅದನ್ನು ಸರಿಮಾಡಲು ಹೋದರೆ ಮೊದಲನೆಯದು. ಹೊಳಪಿಗೆ ಕ್ರೋಮ್ ಹಾಕಿಸಿದ ಮೇಲೆ ಇಡೀ ಪ್ಯಾನಿಗೆ ಇನ್ನೊಮ್ಮೆ ಶ್ರುತಿ ನೋಡಬೇಕು.

1951ರಲ್ಲಿ ಫೆಸ್ಟಿವಲ್ ಆಫ್ ಬ್ರಿಟನ್‌ಗೆ ಟ್ರಿನಿಡಾಡಿನಿಂದ ಟಾಸ್ಪೊ ಎಂಬ ತಂಡ ಹೊರಟಿತು. ಬೇರೆ ಬೇರೆ ಮೇಳಗಳಿಂದ ಆರಿಸಿದ ಹುಡುಗರು, ಮ್ಯಾನೆಟ್, ಸೈಮನ್, ವಿಲಿಯಮ್ಸ್ ಎಲ್ಲ ಅದರಲ್ಲಿದ್ದರು. ಮುಖ್ಯಸ್ಥ ಜೋಸೆಫ್ ಗ್ರಿಫಿತ್, ಪೊಲೀಸ್ ಬ್ಯಾಂಡಿನಲ್ಲಿ ಪಳಗಿದವನು. ಹನ್ನೆರಡು ಸ್ವರವೂ ಇರಲೇಬೇಕು ಎಂದು ಅವನು ಹಟ ಹಿಡಿದ. ತಳಸ್ವರದ ಉಬ್ಬು ದೊಡ್ಡದು, ಒಂದು ಪೀಪಾಯಿಯಲ್ಲಿ ಅಷ್ಟೂ ಹಿಡಿಸುವುದಿಲ್ಲ. ಹಾಗಾದರೆ ಒಬ್ಬನಿಗೇ ಹಲವು ಪೀಪಾಯಿ ಕೊಡಿ ಎಂದ. ಇವತ್ತಿನ ಬೇಸ್ ಪ್ಯಾನ್ ನೋಡಿ: ಆರು ಪೀಪಾಯಿ, ಒಂದೊಂದರಲ್ಲಿ ಮೂರೇ ಸ್ವರ, ನಡುವೆ ನಿಂತು ನುಡಿಸುವವನು ಒಬ್ಬನೇ. ಆ ತಂಡದ ಸ್ಟರ್ಲಿಂಗ್ ಬೆಟನ್‌ಕೋರ್ಟ್ ಲಂಡನ್ನಿನಲ್ಲೇ ಉಳಿದ. 1966ರಲ್ಲಿ ನಾಟಿಂಗ್ ಹಿಲ್ ಬೀದಿಯಲ್ಲಿ ಅವನೂ ಗೆಳೆಯರೂ ಪ್ಯಾನ್ ನೇತುಹಾಕಿಕೊಂಡು ನಡೆದದ್ದು ಅಲ್ಲಿಯ ದೊಡ್ಡ ಕಾರ್ನಿವಲ್‌ಗೆ ಮೊದಲ ಹೆಜ್ಜೆಯಾಯಿತು.

ಊರಿನಲ್ಲಿ ಮಾತ್ರ ಬಹಳ ವರ್ಷ ಪ್ಯಾನ್ ನುಡಿಸುವವರನ್ನು ಪುಂಡರೆಂದೇ ಕಂಡರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಅತ್ತ ಸುಳಿಯುವ ಹಾಗಿರಲಿಲ್ಲ. 1963ರಲ್ಲಿ ಪ್ಯಾನ್ ಮೇಳಗಳ ನಡುವಿನ ಪನೋರಮಾ ಸ್ಪರ್ಧೆ ಶುರುವಾಯಿತು, 1992ರಲ್ಲಿ ಪ್ಯಾನ್ ರಾಷ್ಟ್ರೀಯ ವಾದ್ಯವಾಯಿತು. 2001ರಲ್ಲಿ ಅಮೆರಿಕದಲ್ಲಿ ಪ್ಯಾನ್ ತಯಾರಿಸುವ ಒಂದು ವಿಧಾನಕ್ಕೆ ಅಲ್ಲಿಯವರೇ ಇಬ್ಬರು ಪೇಟೆಂಟ್ ಪಡೆದರು, ಟ್ರಿನಿಡಾಡ್ ಸಿಡಿದೆದ್ದಿತು. ನ್ಯಾಯವಾದ ಸಿಟ್ಟು ಅದು. ಬರೆದಿಡದೆ ಕೈಯಿಂದ ಕೈಗೆ ಕೊಟ್ಟ ವಿದ್ಯೆಗೆ ಕಾಗದವಿಲ್ಲ ಎಂದ ಮಾತ್ರಕ್ಕೆ ಒಡೆಯರಿಲ್ಲ ಎಂದಾಗುವುದಿಲ್ಲ. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್ ಪ್ಯಾನ್ ದಿನವೆಂದು ಘೋಷಿಸಿತು. ಮರುವರ್ಷ ಟ್ರಿನಿಡಾಡ್ ಸರ್ಕಾರ ದೇಶದ ಲಾಂಛನದಿಂದ ಕೊಲಂಬಸನ ಮೂರು ಹಡಗುಗಳನ್ನು ತೆಗೆದು ಆ ಜಾಗಕ್ಕೆ ಪ್ಯಾನ್ ಇಡುವುದಾಗಿ ಹೇಳಿತು, 2025ರಲ್ಲಿ ಅದಕ್ಕೆ ಕಾನೂನೂ ಆಯಿತು.

ಪ್ಯಾನ್ ಒಮ್ಮೆ ಮಾಡಿ ಮುಗಿಯುವ ವಸ್ತುವಲ್ಲ. ಬಿಸಿಲಿಗೆ ಇಟ್ಟರೆ ಶ್ರುತಿ ಜಾರುತ್ತದೆ, ಜೋರಾಗಿ ಬಾರಿಸಿದರೆ ಉಬ್ಬು ಕೂರುತ್ತದೆ, ಲಾರಿಯಲ್ಲಿ ಒಂದಕ್ಕೊಂದು ತಾಗಿದರೂ ಸಾಕು. ಪನೋರಮಾದ ದೊಡ್ಡ ಮೇಳದಲ್ಲಿ ನೂರಕ್ಕೂ ಹೆಚ್ಚು ಜನ ನುಡಿಸುತ್ತಾರೆ. ಪ್ಯಾನ್ ಯಾರ್ಡ್ ಎಂದು ಕರೆಯುವ ಅಭ್ಯಾಸದ ಅಂಗಳದಲ್ಲಿ, ಸ್ಪರ್ಧೆ ಹತ್ತಿರವಾದಾಗ, ಎಲ್ಲರೂ ಮನೆಗೆ ಹೋದ ಮೇಲೆ ಟ್ಯೂನರ್ ಉಳಿಯುತ್ತಾನೆ. ಸಾಲು ಹಿಡಿದು ಒಂದೊಂದು ಪ್ಯಾನನ್ನೂ ಮುಟ್ಟಿ ಕೇಳುತ್ತ, ಸ್ವರ ಜಾರಿದ್ದನ್ನು ಪಕ್ಕಕ್ಕೆ ಎತ್ತಿಡುತ್ತ ಹೋಗುತ್ತಾನೆ.

ನಮಸ್ಕಾರ.